ಯುದ್ಧ ಅಂದ್ಮೇಲೆ ಸಾವು ಇದ್ದದ್ದೇನಾ?

ಮಲವಗೊಪ್ಪದಲ್ಲಿ ಬಸ್ ಹತ್ತಿ ಕೂತವನು ಮೊಬೈಲ್‌ನಲ್ಲಿ ಯುದ್ಧದ ಸುದ್ದಿ ನೋಡುತ್ತಿದ್ದೆ. ‘ಯುದ್ಧ ಅಂದ್ಮೇಲೆ ಸಾವು ಇದ್ದದ್ದೇ ಬಿಡೋ’ ಎಂದೆ. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದು, ನನ್ನ ಜೊತೆಗೇ ಹಾಸ್ಟೆಲ್‌ಗೆ ವಾಪಸ್ ಹೊರಟಿದ್ದ ಗೆಳೆಯ ಏನೂ ಮಾತಾಡಲಿಲ್ಲ.

ಅವನದು ಸಿಂಧನೂರಿನ ಪುನರ್ವಸತಿ ಕ್ಯಾಂಪ್. ಮನೆಯಲ್ಲಿ ಬಂಗಾಳಿ, ನಮ್ಮ ಜೊತೆ ರಾಯಚೂರು ಕನ್ನಡ. ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತರೂ ‘ನಿಮ್ಮೋರು ಅಲ್ಲಿಗೆ ಹೇಗೆ ಬಂದ್ರು?’ ಎಂದು ನಾನು ಕೇಳಿರಲೇ ಇಲ್ಲ. ಬಸ್ ಇಳಿಯುವಾಗ ಅವನೇ ಹೇಳಿದ: ‘ನಮ್ಮ ದಾದು ಊರು ಬಿಟ್ಟಾಗ ಯುದ್ಧ ಇನ್ನಾ ಚಾಲೂನೇ ಆಗಿದ್ದಿಲ್ಲ ದೋಸ್ತ.’

ಅವತ್ತು ರಾತ್ರಿ ಪುಸ್ತಕ ಮುಚ್ಚಿಟ್ಟು 1971ರ ಬಗ್ಗೆ ಓದಿದೆ. ಭಾರತ–ಪಾಕ್ ಯುದ್ಧ ಶುರುವಾದದ್ದು ಡಿಸೆಂಬರ್ 3ಕ್ಕೆ. ಆದರೆ ಪಾಕ್ ಸೇನೆ ಢಾಕಾದ ಮೇಲೆ ಎರಗಿದ್ದು ಮಾರ್ಚ್ 25ರ ರಾತ್ರಿ. ಹಿಂದೂ ವಿದ್ಯಾರ್ಥಿಗಳಿದ್ದ ಜಗನ್ನಾಥ್ ಹಾಲ್ ಹಾಸ್ಟೆಲ್‌ಗೂ ನುಗ್ಗಿ ಕೊಂದರು. ಸತ್ತವರಲ್ಲಿ ನಮ್ಮ ವಯಸ್ಸಿನವರೂ ಇದ್ದರು. ಮುಂದಿನ ತಿಂಗಳುಗಳಲ್ಲಿ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಅಂದರೆ ಕೊಲೆ ಮೊದಲು, ಎರಡು ದೇಶಗಳ ಯುದ್ಧ ಆಮೇಲೆ.

ನನ್ನನ್ನು ಹೆಚ್ಚು ಕಾಡಿದ್ದು ಡಿಸೆಂಬರ್ 14. ಪಾಕ್ ಸೇನೆಯ ಸೋಲು ಖಚಿತವಾಗಿತ್ತು, ಶರಣಾಗತಿಗೆ ಎರಡೇ ದಿನ ಬಾಕಿ. ಆ ಹೊತ್ತಿನಲ್ಲೂ ಪ್ರಾಧ್ಯಾಪಕರು, ವೈದ್ಯರು, ಪತ್ರಕರ್ತರನ್ನು ಹುಡುಕಿ ಎಳೆದೊಯ್ದು ಕೊಂದರು. ಅದರಿಂದ ಯುದ್ಧ ಗೆಲ್ಲುವಂತಿರಲಿಲ್ಲ. ಮತ್ತೆ ಯಾಕೆ?

ವ್ಯತ್ಯಾಸ ಇಲ್ಲೇ ಇದೆ ಅನ್ನಿಸಿತು. ಯುದ್ಧದಲ್ಲಿ ಶತ್ರು ಸೋಲಬೇಕು. ಬಂದೂಕು ಕೆಳಗಿಟ್ಟರೆ ಜೀವ ಉಳಿಯಬಹುದು. ಜನಾಂಗ ಹತ್ಯೆಯಲ್ಲಿ ಆ ಜನವೇ ಇರಬಾರದು. ಹುಟ್ಟಿದ್ದೇ ತಪ್ಪಾದವರು ಕೆಳಗಿಡುವುದಾದರೂ ಏನನ್ನು? ಹಾಗಂತ ಎರಡಕ್ಕೂ ನಂಟಿಲ್ಲ ಎಂದಲ್ಲ. ಯುದ್ಧ ಎಷ್ಟೋ ಸಲ ಪರದೆಯಾಗುತ್ತದೆ. ನಮ್ಮ ಮೈಸೂರು ಲ್ಯಾನ್ಸರ್ಸ್ 1918ರಲ್ಲಿ ಹೈಫಾದಲ್ಲಿ ಒಟ್ಟೋಮನ್ ಸೇನೆಯ ವಿರುದ್ಧ ಹೋರಾಡಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಮಹಾಯುದ್ಧದ ಮರೆಯಲ್ಲಿ, 1915ರಿಂದ, ಒಟ್ಟೋಮನ್ ಆಡಳಿತ ತನ್ನದೇ ಪ್ರಜೆಗಳಾದ ಅರ್ಮೇನಿಯನ್ನರನ್ನು ಲಕ್ಷಗಟ್ಟಲೆ ಸಾಯಿಸಿತು.

ಈ ಅಪರಾಧಕ್ಕೆ ‘ಜಿನೋಸೈಡ್’ ಎಂಬ ಹೆಸರು ಸಿಕ್ಕಿದ್ದು 1944ರಲ್ಲಿ, ರಫೇಲ್ ಲೆಮ್ಕಿನ್ ಎಂಬ ವಕೀಲರಿಂದ. 1948ರ ವಿಶ್ವಸಂಸ್ಥೆ ಒಪ್ಪಂದ, ಯುದ್ಧವಿರಲಿ ಶಾಂತಿಯಿರಲಿ ಅದು ಅಪರಾಧವೇ ಎಂದಿತು. ‘ಯುದ್ಧ ಅಂದ್ಮೇಲೆ ಇದ್ದದ್ದೇ’ ಎಂಬ ನನ್ನ ಮಾತಿಗೆ ಉತ್ತರ ಎಂದೋ ಬರೆದಾಗಿತ್ತು.

ಮರುದಿನ ಬೆಂಚಿನಲ್ಲಿ ‘ಸಾರಿ ಕಣೋ’ ಎಂದೆ. ಅವನು ನಕ್ಕು, ‘ರಜಾದಾಗ ನಮ್ಮ ಕ್ಯಾಂಪಿಗೆ ಬಾ, ದಾದುನ್ನೇ ಕೇಳಾಕಂತಿ’ ಎಂದ.

ಈ ಸಲ ಕೇಳುವ ಸರದಿ ನನ್ನದು.