ದೀಪ ಮಿನುಗಿತು ಸರಿ, ಸಂದೇಶ ತಲುಪಿತೇ?

ಕಳೆದ ವರ್ಷ ವಿಜ್ಞಾನ ಮೇಳಕ್ಕೆ ನಮ್ಮ ಮಕ್ಕಳು ಎರಡು ಆರ್ಡುಯಿನೊ ಯುನೊ ಬೋರ್ಡುಗಳನ್ನು ಜೋಡಿಸಿದ್ದರು. ಒಂದರ ಗುಂಡಿ ಒತ್ತಿದರೆ ಇನ್ನೊಂದರ ಎಲ್‌ಇಡಿ ಮಿನುಗಬೇಕು. ಲ್ಯಾಬಿನಲ್ಲಿ ಹತ್ತು ಸಲ ಒತ್ತಿದೆವು, ಹತ್ತು ಸಲವೂ ಮಿನುಗಿತು. "ಸರಿ ಉಂಟು" ಅಂತ ಹೇಳಿದವನು ನಾನೇ. ಮೇಳದ ದಿನ ಒಂದು ಬೋರ್ಡನ್ನು ಲ್ಯಾಪ್‌ಟಾಪಿಗೆ, ಇನ್ನೊಂದನ್ನು ಪವರ್ ಬ್ಯಾಂಕಿಗೆ ಚುಚ್ಚಿದೆವು. ಎಲ್‌ಇಡಿ ತನಗೆ ತೋಚಿದಾಗ ಹೊತ್ತಿತು, ತೋಚದಿದ್ದಾಗ ಇಲ್ಲ. ಎಂತ ಆಯಿತೆಂದು ತೀರ್ಪುಗಾರರು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಆ ಪೆಟ್ಟಿನ ಮೇಲೆ ಕಲಿತ ಪರೀಕ್ಷೆ ಇದು. ನೀವೂ ಮಾಡಬಹುದು. ಕಾಸರಗೋಡಿನ ಹೈಸ್ಕೂಲಿನವರಿಗೆ ಲಿಟಲ್ ಕೈಟ್ಸ್ ಕಿಟ್ಟಿನಲ್ಲೇ ಯುನೊ ಸಿಗುತ್ತದೆ. ಎರಡು ಕಿಟ್ ಕೇಳಿ ತೆಗೆದುಕೊಳ್ಳಿ.

ಯುನೊದ ಪ್ರೊಸೆಸರ್ ಸೆಕೆಂಡಿಗೆ 1.6 ಕೋಟಿ ಸಲ ಮಿಡಿಯುತ್ತದೆ, ಅದರ ರ‍್ಯಾಮ್ ಬರೀ 2 ಕಿಲೋಬೈಟ್. ಒಂದು ಬೋರ್ಡಿನ ನೆನಪಿನೊಳಗೆ ಇನ್ನೊಂದು ಇಣುಕಿ ನೋಡುವ ಹಾಗಿಲ್ಲ. ಪಕ್ಕದ ಮನೆಗೆ ಚೀಟಿ ಕಳಿಸಿದ ಹಾಗೆ, ಹೇಳಬೇಕಾದ್ದನ್ನೆಲ್ಲ ತಂತಿಯ ಮೇಲೆ ಅಕ್ಷರ ಅಕ್ಷರವಾಗಿ ಕಳಿಸಬೇಕು.

ಬೋರ್ಡುಗಳಿಗೆ 'ಎ' ಮತ್ತು 'ಬಿ' ಎಂದು ಚೀಟಿ ಅಂಟಿಸಿ. 0 ಮತ್ತು 1ನೇ ಪಿನ್ನುಗಳು ಕಂಪ್ಯೂಟರಿನ ಜೊತೆ ಮಾತಾಡಲು ಬೇಕು, ಅವನ್ನು ಮುಟ್ಟಬೇಡಿ. ಸಾಫ್ಟ್‌ವೇರ್ ಸೀರಿಯಲ್ ಲೈಬ್ರರಿಯಲ್ಲಿ 10ನ್ನು ಕೇಳುವ ಪಿನ್, 11ನ್ನು ಹೇಳುವ ಪಿನ್ ಮಾಡಿ. ಎ-ಯ 11 ಬಿ-ಯ 10ಕ್ಕೆ, ಎ-ಯ 10 ಬಿ-ಯ 11ಕ್ಕೆ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ತಾನೆ? ಮೂರನೆಯ ತಂತಿ ಜಿಎನ್‌ಡಿ-ಯಿಂದ ಜಿಎನ್‌ಡಿ-ಗೆ.

ನಾವು ಮರೆತದ್ದು ಈ ಮೂರನೆಯದನ್ನೇ. 5 ವೋಲ್ಟ್ ಅಂದರೆ ಯಾವುದಕ್ಕಿಂತ 5 ಹೆಚ್ಚು ಎಂದು ಇಬ್ಬರೂ ಒಪ್ಪಿರಬೇಕು. ಲ್ಯಾಬಿನಲ್ಲಿ ಎರಡೂ ಬೋರ್ಡು ಒಂದೇ ಕಂಪ್ಯೂಟರಿಗೆ ಚುಚ್ಚಿದ್ದರಿಂದ ಯುಎಸ್‌ಬಿ ಕೇಬಲಿನ ಮೂಲಕವೇ ಜಿಎನ್‌ಡಿ ಸೇರಿಕೊಂಡಿತ್ತು. ತಪ್ಪು ನಮ್ಮದು, ಮುಚ್ಚಿಟ್ಟದ್ದು ಕೇಬಲ್! ಆದ್ದರಿಂದ ಪರೀಕ್ಷೆ ಮಾಡುವಾಗ ಬಿ-ಯನ್ನು ಪವರ್ ಬ್ಯಾಂಕಿನಲ್ಲೇ ನಡೆಸಿ.

ಈಗ ಸಂದೇಶ. ಸುಮ್ಮನೆ ಸಂಖ್ಯೆ ಕಳಿಸಿದರೆ 105ರಲ್ಲಿ ಸೊನ್ನೆ ಬಿದ್ದುಹೋಗಿ 15 ತಲುಪಿದರೂ ಬಿ-ಗೆ ಗೊತ್ತಾಗದು. ಜೊತೆಗೆ ಅಂಕಿಗಳ ಮೊತ್ತ ಕಳಿಸಿದರೆ? ಎರಡರದ್ದೂ 6, ಉಪಯೋಗವಿಲ್ಲ. 97ರಿಂದ ಭಾಗಿಸಿ ಉಳಿದ ಶೇಷ ಕಳಿಸೋಣ: <105,8>. 15 ಬಂದರೆ ಶೇಷ 8 ಅಲ್ಲ, ಸಿಕ್ಕಿಬಿತ್ತು. ಬಾಣದ ಗುರುತುಗಳು ಸಂದೇಶದ ತಲೆ ಮತ್ತು ಬಾಲ.

ಎ 1ರಿಂದ 1000ದವರೆಗೆ ಕಳಿಸಲಿ. ಬಿ ಶೇಷ ನೋಡಿ, ಸರಿಯಿದ್ದರೆ ಅದೇ ಸಂದೇಶವನ್ನು ತಿರುಗಿ ಕಳಿಸಲಿ. ಎ 200 ಮಿಲಿಸೆಕೆಂಡು ಕಾಯಲಿ, ಬರಲಿಲ್ಲವೋ 'ಕಳೆದುಹೋಯಿತು' ಎಂದು ಒಂದು ಕೂಡಿಸಿ ಮುಂದೆ ಹೋಗಲಿ. ಈ ಗಡುವು ಇಲ್ಲದಿದ್ದರೆ ಒಂದೇ ಸಂದೇಶ ತಪ್ಪಿದರೂ ಎ ಬಾಗಿಲಲ್ಲೇ ಕಾಯುತ್ತಾ ನಿಂತುಬಿಡುತ್ತದೆ. ಕೊನೆಗೆ ಕಳಿಸಿದ್ದು, ಸರಿ ಬಂದದ್ದು, ತಪ್ಪು ಬಂದದ್ದು, ಕಳೆದದ್ದು – ನಾಲ್ಕನ್ನೂ ಸೀರಿಯಲ್ ಮಾನಿಟರಿನಲ್ಲಿ ಬರೆಯಿಸಿ. ವೇಗ 9600 ಇಟ್ಟರೆ ಸೆಕೆಂಡಿಗೆ 960 ಅಕ್ಷರ ಹೋಗುತ್ತದೆ. ಒಂದು ಚಹಾ ಆರುವ ಮೊದಲು ಸಾವಿರವೂ ಮುಗಿದಿರುತ್ತದೆ.

ಸಾವಿರಕ್ಕೆ ಸಾವಿರ ಬಂತಾ? ಈಗ ಕೆಡಿಸಿ ನೋಡಿ, ಮಜಾ ಇರುವುದು ಇಲ್ಲೇ. ಎ ಉತ್ತರಕ್ಕೆ ಕಾಯದೆ ಸುರಿಯುತ್ತಾ ಹೋಗಲಿ. ಬಿ ಏನನ್ನೂ ತಿರುಗಿ ಕಳಿಸದೆ, ಪ್ರತಿ ಸಂದೇಶ ಓದಿದ ಮೇಲೆ ಎಲ್‌ಇಡಿ ಮಿನುಗಿಸಿ 100 ಮಿಲಿಸೆಕೆಂಡು ಸುಮ್ಮನಿರಲಿ. ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಂದೇಶ ಬರುತ್ತಿದೆ, ಬಿ ಓದುವುದು ಹತ್ತರಷ್ಟು. ಉಳಿದವು ಕಾಯುವ ಬಫರ್ ಎಂಬ ಜಗಲಿಯಲ್ಲಿ ಜಾಗ ಇರುವುದು 64 ಅಕ್ಷರಕ್ಕೆ. ಅದು ತುಂಬಿದ ಮೇಲೆ ಬಂದ ಅಕ್ಷರ ಸದ್ದಿಲ್ಲದೆ ಹೊರಗೆ. ಒಂದು ಸಂದೇಶದ ತಲೆಗೆ ಇನ್ನೊಂದರ ಬಾಲ ಅಂಟಿಕೊಂಡು ಬರುತ್ತದೆ. ಅಷ್ಟೆಲ್ಲ ಆದರೂ ಎಲ್‌ಇಡಿ ಚೆನ್ನಾಗಿಯೇ ಮಿನುಗುತ್ತಿರುತ್ತದೆ ನೋಡಿ!

ಅಕ್ಷರಗಳು ಸರಿಯಾಗಿ ತಲುಪಿದರೂ ಕೆಡಬಹುದು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಹಾರಿದ ಏರಿಯಾನ್ 5 ರಾಕೆಟ್ ಸುಮಾರು 40 ಸೆಕೆಂಡಿನಲ್ಲಿ ಚೂರಾಯಿತು. ಚಲನೆ ಅಳೆಯುವ ಕಂಪ್ಯೂಟರಿನಲ್ಲಿ ಒಂದು ಸಂಖ್ಯೆ 16 ಬಿಟ್ಟಿನ ಜಾಗಕ್ಕೆ ಹಿಡಿಸದೆ ಅದು ಕೆಲಸ ನಿಲ್ಲಿಸಿ, ದೋಷದ ವಿವರ ಕಳಿಸಿತು. ಮುಖ್ಯ ಕಂಪ್ಯೂಟರು ಅದನ್ನೇ ಹಾರಾಟದ ಅಳತೆ ಎಂದು ಓದಿ ರಾಕೆಟ್ಟನ್ನು ತಿರುಗಿಸಿತು. ಮುಂದೆ ನೀವು ಉಷ್ಣತೆ, ದೋಷದ ಸುದ್ದಿ ಎಲ್ಲ ಒಂದೇ ತಂತಿಯಲ್ಲಿ ಕಳಿಸುವುದಾದರೆ ಪ್ರತಿ ಸಂದೇಶದ ತಲೆಗೆ ಅದು ಯಾವ ಜಾತಿಯದೆಂದು ಒಂದು ಅಕ್ಷರ ಸೇರಿಸಿ. ಗುರುತಿಲ್ಲದ್ದನ್ನು ಬಿ ತಳ್ಳಿಹಾಕಲಿ.

ನಿಮಗೊಂದು ಲೆಕ್ಕ. ಮೊದಲ ಪರೀಕ್ಷೆಯಲ್ಲಿ ಎ <107,10> ಕಳಿಸಿತು, ದಾರಿಯಲ್ಲಿ 7 ಮಾತ್ರ ಬಿದ್ದುಹೋಯಿತು. ಬಿ ಅದನ್ನು ಹಿಡಿಯುತ್ತದೆಯೇ? ಹಿಡಿಯದಿದ್ದರೆ ಹಿಡಿಯುವವರು ಯಾರು?