ಹಳೆಯ ಕಾರಿಗೆ ಬೆಲೆ ಕಟ್ಟುವುದು ಯಾವುದು?

ಪ್ರಶ್ನೆ: ಹಳೆಯದಾದಷ್ಟೂ ಸ್ಪೋರ್ಟ್ಸ್ ಕಾರಿನ ಬೆಲೆ ಏರುತ್ತದೆಯೇ?

ಉತ್ತರ: ವಯಸ್ಸೇ ಬೆಲೆಯಾಗಿದ್ದರೆ ಉಡುಪಿ, ಮಣಿಪಾಲದ ಗುಜರಿ ಅಂಗಡಿಗಳೆಲ್ಲ ಖಜಾನೆಗಳಾಗಬೇಕಿತ್ತು. ವಿರಳತೆಯೇ ಕಾರಣ ಎನ್ನುವವರು ಫೆರಾರಿ 250 ಜಿಟಿಒ ತೋರಿಸುತ್ತಾರೆ: ತಯಾರಾದದ್ದು 36, 2018ರ ಹರಾಜಿನಲ್ಲಿ ಒಂದಕ್ಕೆ ಸಿಕ್ಕಿದ್ದು 4.84 ಕೋಟಿ ಡಾಲರ್. ಆದರೆ 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ತಂದ ಡಾಲ್ಫಿನ್ ಕೂಡ ಇಂದು ಕಾಣಸಿಗುವುದು ಅಪರೂಪ; ರ‍್ಯಾಲಿಗಳಲ್ಲಿ ಹೆಸರು ಮಾಡಿದ್ದೂ ಹೌದು. ಅದಕ್ಕೆ ಕೋಟಿ ಸುರಿಯುವವರಿಲ್ಲ. ಹುಡುಗರಾಗಿದ್ದಾಗ ಗೋಡೆಗೆ ಅದರ ಚಿತ್ರ ಅಂಟಿಸಿಕೊಂಡು ಈಗ ದುಡ್ಡು ಮಾಡಿಕೊಂಡವರು ಎಷ್ಟು ಮಂದಿ? ವಿರಳತೆಗೆ ಬೆಲೆ ತರುವುದು ಆ ಹಂಬಲ.

ಹಂಬಲವಿರುವವನೂ ಕಣ್ಣುಮುಚ್ಚಿ ಕೊಳ್ಳುವುದಿಲ್ಲ. ಚಾಸಿಗೆ ಹುಟ್ಟಿನಿಂದ ಜೊತೆಯಾದ ಎಂಜಿನ್ನೇ ಇದೆಯೇ, ದಾಖಲೆ ಕೂಡಿಬರುತ್ತದೆಯೇ, ಮೂಲ ತಗಡು ಎಷ್ಟು ಉಳಿದಿದೆ ಎಂದು ನೋಡುತ್ತಾನೆ. ಕಾಪುವಿನ ಉಪ್ಪುಗಾಳಿ ಈ ಕೊನೆಯದರ ಕಡುವೈರಿ. ಕಾರ್ಕಳಕ್ಕೆ ಒಯ್ದರೆ ಉಪ್ಪು ತಪ್ಪೀತು, ಮಳೆ ತಪ್ಪದು! ಡಾಲ್ಫಿನ್‌ನ ಫೈಬರ್‌ಗ್ಲಾಸ್ ಮೈ ಇಲ್ಲಿ ಮಾತ್ರ ಗೆಲ್ಲುತ್ತದೆ. ತುಕ್ಕು ಕತ್ತರಿಸಿ ಹೊಸ ತಗಡು ಬೆಸೆದರಾಗದೇ ಎಂದರೆ, ಆದೀತು. ಕಾರು ಹೊಳೆಯುತ್ತದೆ, ಆದರೆ ಕಳೆದ ಮೂಲತನ ಮರಳುವುದಿಲ್ಲ. ಕೊಳ್ಳುವ ಮನಸ್ಸಿದ್ದರೆ ಬಣ್ಣಕ್ಕಿಂತ ಮೊದಲು ಆರ್‌ಸಿ ಪುಸ್ತಕವನ್ನೂ ಕಾರಿನ ಹೊಟ್ಟೆಯಡಿಯನ್ನೂ ನೋಡಿ.