ಬಸುರಿಗೆ ಸಕ್ಕರೆ ಕಾಯಿಲೆ: ಊಟ ಎಷ್ಟು, ತೂಕ ಎಷ್ಟು?

‘ಬಸುರಿ ಇಬ್ಬರ ಊಟ ಮಾಡಬೇಕು’ ಎಂಬ ಮಾತು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಸಕ್ಕರೆ ಕಾಯಿಲೆ ಇರುವ ಗರ್ಭಿಣಿಗೆ ಇದು ಸರಿಯಲ್ಲ. ತಾಯಿಯ ರಕ್ತದಲ್ಲಿ ಹೆಚ್ಚಾದ ಸಕ್ಕರೆ ಮಗುವಿಗೂ ಹೋಗುತ್ತದೆ. ಮಗು ಅತಿಯಾಗಿ ಬೆಳೆದು ಹೆರಿಗೆ ಕಷ್ಟವಾಗಬಹುದು. ಹಾಗೆಂದು ಊಟ ಬಿಡುವುದೂ ಅಪಾಯ.

ರಾಗಿ ಮುದ್ದೆ ಒಳ್ಳೆಯದೇ, ಆದರೆ ಅದರಲ್ಲೂ ಪಿಷ್ಟವಿದೆ. ಮುದ್ದೆ ಚಿಕ್ಕದಿರಲಿ, ಸೊಪ್ಪು, ಕಾಳು, ಮೊಟ್ಟೆ ಹೆಚ್ಚಿರಲಿ. ಮೂರು ಊಟದ ನಡುವೆ ಒಂದು ಹಿಡಿ ಬೇಯಿಸಿದ ಕಡಲೆಕಾಯಿಯಂಥ ತಿಂಡಿ ಸಾಕು.

ಅಮೆರಿಕದ 2009ರ ಮಾರ್ಗಸೂಚಿಯಂತೆ, ಗರ್ಭಕ್ಕೆ ಮೊದಲು ಸಹಜ ತೂಕವಿದ್ದವರು ಒಟ್ಟು 11.5ರಿಂದ 16 ಕೆ.ಜಿ., ತೂಕ ಹೆಚ್ಚಿದ್ದವರು 7ರಿಂದ 11.5 ಕೆ.ಜಿ. ಏರಬಹುದು. ನಿಮ್ಮ ಅಕ್ಕ, ಅತ್ತಿಗೆ ಗರ್ಭಿಣಿಯಾಗಿದ್ದರೆ ಮೊದಲ ಭೇಟಿಯಲ್ಲೇ ಸಕ್ಕರೆ ಪರೀಕ್ಷೆ ಮಾಡಿಸಿ; 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ಮಾಡಿಸಿ.